ಹಳದಿ ಹೂವೆಲ್ಲ ತಗಚೆಯಲ್ಲ



ಕಳೆದ ಮಳೆಗಾಲದಲ್ಲಿ ಹೆಣ್ಣುಮಕ್ಕಳ ವಾರ್ಡಿನಲ್ಲಿ ರಕ್ತಹೀನತೆಯ ಬಗ್ಗೆ ಆರೋಗ್ಯ ಶಿಕ್ಷಣ ನಡೆಸುತ್ತಿದ್ದೆ. ಹಸಿರು ಸೊಪ್ಪು ತಿನ್ನಬೇಕು ಎಂದು ಹೇಳುವಷ್ಟರಲ್ಲಿ ಬಾಣಂತಿ ಸೊಸೆಯ ಜೊತೆ ಬಂದಿದ್ದ ಅಜ್ಜಿಯೊಬ್ಬರು, "ಸಿಸ್ಟರವ್ವ, ಪ್ಯಾಟ್ಯಾಗಿನ ಪಾಲಕ ತರಾಕ ರೊಕ್ಕ ಎಲ್ಲೈತಿ? ಹೊಲದ ಬದುವಿನ್ಯಾಗ ತಗಚಿ ಬೇಕಾದಷ್ಟ ಬೆಳದೈತಿ. ಅದರ ಪಲ್ಯ ಮಾಡಿ ಹಾಕಬೌದಿಲ್ಲೋ?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿತ್ತು. ತಗಚೆಯ ಎಳೆ ಸೊಪ್ಪನ್ನು ನಮ್ಮ ಹಿರಿಯರು ಮಳೆಗಾಲದಲ್ಲಿ ತಿನ್ನುತ್ತಲೇ ಬಂದಿದ್ದಾರೆ. "ತಿನ್ನಬಹುದು ಅಜ್ಜಿ, ಆದರೆ ನೀವು ಕೀಳುವ ಗಿಡವನ್ನು ನನಗೊಮ್ಮೆ ತೋರಿಸಿ" ಎಂದೆ.

ಎರಡು ದಿನ ಬಿಟ್ಟು ಅವರ ಮಗ ಊರಿನಿಂದ ಒಂದು ಹಿಡಿ ಸೊಪ್ಪು ಕಿತ್ತು ತಂದ. ಬಿಡಿಸಿ ನೋಡಿದರೆ ಅದರಲ್ಲಿ ಎರಡು ಜಾತಿಯ ಗಿಡ ಬೆರೆತಿದ್ದವು. ಒಂದು ತಗಚೆ. ಇನ್ನೊಂದು ಅದರ ಹತ್ತಿರದ ಬಳಗದ್ದೇ ಆದ ದೊಡ್ಡ ತಗಚೆ. ಎರಡನೆಯದರ ಬೀಜ ತಿಂದು ನಮ್ಮ ದೇಶದಲ್ಲಿ ಎಷ್ಟೋ ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ. ಅಜ್ಜಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ, "ಹೂವು ಒಂದ ನಮೂನಿ ಹಳದಿ ಇರತೈತಿ, ಅದಕ್ಕ ಎರಡೂ ಒಂದ ಅಂತ ತಿಳದಿದ್ದೆ" ಎಂದರು. ಹೀಗೆ ತಿಳಿದಿರುವವರು ಅವರೊಬ್ಬರೇ ಅಲ್ಲ. ಆದ್ದರಿಂದ ಈ ಲೇಖನ.

ಒಂದೇ ಬಳಗದ ಗಿಡಗಳು

ಮುಂಗಾರಿನ ಮೊದಲ ಮಳೆಗೆ ರಸ್ತೆಯ ಅಂಚು, ಹೊಲದ ಬದು, ತಿಪ್ಪೆಗುಂಡಿಯ ಪಕ್ಕ, ಪಾಳುಬಿದ್ದ ನಿವೇಶನಗಳಲ್ಲಿ ಬೀಜ ಮೊಳೆತು, ಶ್ರಾವಣ, ಭಾದ್ರಪದದ ಹೊತ್ತಿಗೆ ಹಳದಿ ಹೂ ಬಿಟ್ಟು, ಚಳಿಗಾಲದಲ್ಲಿ ಕಾಯಿ ಒಣಗಿ ಸಾಯುವ ಅನೇಕ ಗಿಡಗಳನ್ನು ನೀವು ನೋಡಿದ್ದೀರಿ. ಇವುಗಳಲ್ಲಿ ಹಲವು ಒಂದೇ ಕುಲಕ್ಕೆ ಸೇರಿದವು. ಸಸ್ಯಶಾಸ್ತ್ರದವರು ಈ ಕುಲವನ್ನು ಹಿಂದೆ ಕ್ಯಾಸಿಯಾ ಎನ್ನುತ್ತಿದ್ದರು, ಈಗ ಸೆನ್ನಾ ಎನ್ನುತ್ತಾರೆ. ನಮಗೆ ಮುಖ್ಯವಾದವು ಎರಡು:

1. ತಗಚೆ (ಸೆನ್ನಾ ಟೋರಾ). ಚಗಟೆ, ಚೊಗಚೆ ಎಂದೂ ಕರೆಯುತ್ತಾರೆ. ತುಳುವಿನಲ್ಲಿ ತಜಂಕ್, ಮರಾಠಿಯಲ್ಲಿ ಟಾಕಳಾ, ಸಂಸ್ಕೃತದಲ್ಲಿ ಚಕ್ರಮರ್ದ. ಎಳೆ ಸೊಪ್ಪನ್ನು ಬೇಯಿಸಿ ತಿನ್ನುವ ರೂಢಿ ಇದೆ.

2. ದೊಡ್ಡ ತಗಚೆ (ಸೆನ್ನಾ ಆಕ್ಸಿಡೆಂಟಾಲಿಸ್). ಸಂಸ್ಕೃತದಲ್ಲಿ ಕಾಸಮರ್ದ, ಹಿಂದಿಯಲ್ಲಿ ಕಸೋಂದಿ. ಇದರ ಬೀಜ ವಿಷಕಾರಿ.

ಹೆಸರನ್ನು ಮಾತ್ರ ನಂಬಬೇಡಿ. ಒಂದೂರಿನಲ್ಲಿ ಒಂದು ಗಿಡಕ್ಕಿರುವ ಹೆಸರು ಪಕ್ಕದ ಊರಿನಲ್ಲಿ ಇನ್ನೊಂದಕ್ಕೆ ಇರುತ್ತದೆ. "ಸಣ್ಣದು", "ದೊಡ್ಡದು" ಎಂಬ ಮಾತೂ ಮೋಸಮಾಡುತ್ತದೆ. ಎಳೆಯದಿದ್ದಾಗ ದೊಡ್ಡ ತಗಚೆಯೂ ಸಣ್ಣದೇ. ಒಳ್ಳೆಯ ಮಣ್ಣು, ನೀರು ಸಿಕ್ಕರೆ ತಗಚೆಯೂ ಸೊಂಟದೆತ್ತರ ಬೆಳೆಯುತ್ತದೆ.

ಬೀಜದಿಂದ ಏನಾಗುತ್ತದೆ?

ಪಶ್ಚಿಮ ಉತ್ತರ ಪ್ರದೇಶದ ಜಿಲ್ಲೆಗಳಲ್ಲಿ ಅನೇಕ ವರ್ಷಗಳ ಕಾಲ ಮಳೆಗಾಲ ಮುಗಿದು ಚಳಿ ಶುರುವಾಗುವ ತಿಂಗಳುಗಳಲ್ಲಿ ಹಳ್ಳಿಯ ಬಡವರ ಮನೆಯ ಸಣ್ಣ ಮಕ್ಕಳು ಇದ್ದಕ್ಕಿದ್ದಂತೆ ವಾಂತಿ ಮಾಡಿಕೊಂಡು, ಪ್ರಜ್ಞೆ ತಪ್ಪಿ, ಎರಡು ಮೂರು ದಿನಗಳಲ್ಲೇ ತೀರಿಕೊಳ್ಳುತ್ತಿದ್ದರು. ಸೊಳ್ಳೆಯಿಂದ ಬರುವ ಮಿದುಳು ಜ್ವರ ಎಂದೇ ಎಲ್ಲರೂ ಭಾವಿಸಿದ್ದರು. ಬಿಜನೌರಿನ ಮಕ್ಕಳ ವೈದ್ಯ ಡಾ. ವಿಪಿನ್ ವಶಿಷ್ಠ, ವೆಲ್ಲೂರಿನ ಹಿರಿಯ ವೈರಾಣು ತಜ್ಞ ಡಾ. ಟಿ. ಜೇಕಬ್ ಜಾನ್ ಮತ್ತು ಸಂಗಡಿಗರು ಮನೆಮನೆಗೆ ಹೋಗಿ, ಕಾಯಿಲೆ ಬಿದ್ದ ಮಕ್ಕಳು ಏನು ತಿಂದಿದ್ದರು, ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳು ಏನು ತಿಂದಿದ್ದರು ಎಂದು ಹೋಲಿಸಿ ನೋಡಿದರು. ಉತ್ತರ ಮನೆಯ ಹಿತ್ತಿಲಲ್ಲೇ ಇತ್ತು. ಮಕ್ಕಳು ಆಟವಾಡುತ್ತಾ ದೊಡ್ಡ ತಗಚೆಯ ಕಾಯಿ ಬಿಡಿಸಿ ಬೀಜ ತಿಂದಿದ್ದರು. ಈ ಅಧ್ಯಯನ 2007ರಲ್ಲಿ ಇಂಡಿಯನ್ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

2016ರಲ್ಲಿ ಒಡಿಶಾದ ಮಲ್ಕನಗಿರಿ ಜಿಲ್ಲೆಯಲ್ಲಿ ಆದಿವಾಸಿ ಹಾಡಿಗಳ ಅನೇಕ ಮಕ್ಕಳು ಹೀಗೆಯೇ ಸತ್ತರು. ಕೆಲವರಲ್ಲಿ ಮಿದುಳು ಜ್ವರ ನಿಜವಾಗಿಯೂ ಇತ್ತು. ಆದರೆ ಕಾಡಿನ ತಗಚೆ ಜಾತಿಯ ಬೀಜ ತಿಂದದ್ದೂ ಸಾವಿಗೆ ಕಾರಣ ಎಂದು ಅಲ್ಲಿಗೆ ಹೋದ ತಜ್ಞರು ತಿಳಿಸಿದರು. ಅಲ್ಲಿ ಜನ ಆ ಗಿಡಕ್ಕೆ ಹೇಳುತ್ತಿದ್ದ ಹೆಸರು "ಬಣ ಚಕುಂಡಾ". ಚಕುಂಡಾ ಎಂದರೆ ಒಡಿಯಾ ಭಾಷೆಯಲ್ಲಿ ತಗಚೆ, ಬಣ ಎಂದರೆ ಕಾಡು. ನೋಡಿ, ಅಲ್ಲಿಯೂ ಎರಡು ಗಿಡಕ್ಕೆ ಹೆಸರು ಹೆಚ್ಚುಕಡಿಮೆ ಒಂದೇ.

ಈ ಬೀಜದಲ್ಲಿ ಆಂಥ್ರಾಕ್ವಿನೋನ್ ಎಂಬ ಗುಂಪಿನ ರಾಸಾಯನಿಕಗಳಿವೆ. ಇವು ಯಕೃತ್ತು, ಸ್ನಾಯು ಮತ್ತು ಮಿದುಳು ಮೂರನ್ನೂ ಒಟ್ಟಿಗೆ ಹಾಳುಮಾಡುತ್ತವೆ. ಇದಕ್ಕೆ ಪ್ರತಿವಿಷ ಇಲ್ಲ. ಬೇಗ ಆಸ್ಪತ್ರೆಗೆ ಬಂದರೆ ರಕ್ತದ ಸಕ್ಕರೆ ಕುಸಿಯದಂತೆ, ಉಸಿರಾಟ ನಿಲ್ಲದಂತೆ, ಮಿದುಳಿನ ಬಾವು ಏರದಂತೆ ನೋಡಿಕೊಂಡು ಮಗುವನ್ನು ಉಳಿಸಲು ಪ್ರಯತ್ನಿಸಬಹುದು. ಮೊದಲೇ ತಿನ್ನದಂತೆ ತಡೆಯುವುದೇ ನಿಜವಾದ ಔಷಧ. ಅದಕ್ಕೆ ಗಿಡದ ಗುರುತು ಗೊತ್ತಿರಬೇಕು.

ಗುರುತಿಸುವುದು ಹೇಗೆ?

ಮೊದಲು ಒಂದು ಮಾತು: ಹೂವನ್ನು ನೋಡಿ ನಿರ್ಧರಿಸಬೇಡಿ. ಎರಡರ ಹೂವಿಗೂ ಐದು ಎಸಳು, ಎರಡೂ ಹಳದಿ. ತಗಚೆಯಲ್ಲಿ ಹೂಗಳು ಎಲೆಯ ಬುಡದಲ್ಲಿ ಸಾಮಾನ್ಯವಾಗಿ ಜೋಡಿಯಾಗಿ, ದೊಡ್ಡ ತಗಚೆಯಲ್ಲಿ ಸಣ್ಣ ಗೊಂಚಲಾಗಿ ಬರುತ್ತವೆ ಎಂಬ ವ್ಯತ್ಯಾಸ ಇದೆ. ಆದರೆ ಪಲ್ಯಕ್ಕೆ ಸೊಪ್ಪು ಕೀಳುವುದು ಹೂ ಬಿಡುವ ಮೊದಲು. ಆಗ ಹೂವು ಇರುವುದೇ ಇಲ್ಲ. ಆದ್ದರಿಂದ ಎಲೆಯನ್ನು ಓದಲು ಕಲಿಯಬೇಕು.

ಎರಡರಲ್ಲಿಯೂ ಒಂದು ಎಲೆದಂಟಿನ ಮೇಲೆ ಎದುರುಬದುರಾಗಿ ಜೋಡಿ ಜೋಡಿ ಕಿರು ಎಲೆಗಳಿರುತ್ತವೆ. ಒಂದು ಪೂರ್ತಿ ಎಲೆದಂಟನ್ನು ಕಾಂಡದ ಬುಡದಿಂದ ಮುರಿದುಕೊಂಡು ಬೆಳಕಿನಲ್ಲಿ ಹಿಡಿಯಿರಿ.

ಒಂದನೆಯ ಗುರುತು – ಕಿರು ಎಲೆಯ ತುದಿ. ತಗಚೆಯ ಕಿರು ಎಲೆ ಬುಡದಲ್ಲಿ ಕಿರಿದು, ತುದಿಯಲ್ಲಿ ಅಗಲ ಮತ್ತು ದುಂಡು. ಶೇಂಗಾ ಗಿಡದ ಎಲೆಯನ್ನು ನೆನಪಿಸುತ್ತದೆ. ದೊಡ್ಡ ತಗಚೆಯ ಕಿರು ಎಲೆ ಬುಡದ ಕಡೆ ಅಗಲ, ತುದಿ ಚೂಪು. ಮೆಣಸಿನಗಿಡದ ಎಲೆಯಂತೆ ಕಾಣುತ್ತದೆ.

ಎರಡನೆಯ ಗುರುತು – ಜೋಡಿಗಳ ಲೆಕ್ಕ. ತಗಚೆಯಲ್ಲಿ ಸಾಮಾನ್ಯವಾಗಿ ಮೂರು ಜೋಡಿ, ಅಂದರೆ ಆರು ಕಿರು ಎಲೆ. ದೊಡ್ಡ ತಗಚೆಯಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಜೋಡಿ. ಆದರೆ ಆಗ ತಾನೇ ಮೊಳೆತ ಗಿಡದ ಮೊದಲ ಎಲೆಗಳಲ್ಲಿ ಜೋಡಿಗಳು ಕಡಿಮೆ ಇರಬಹುದು. ಆದ್ದರಿಂದ ಈ ಲೆಕ್ಕವೊಂದನ್ನೇ ನಂಬದೆ ಎಲೆಯ ತುದಿಯನ್ನೂ ಮುಂದಿನ ಗುರುತನ್ನೂ ಸೇರಿಸಿ ನೋಡಿ.

ಮೂರನೆಯ ಗುರುತು – ಸಣ್ಣ ಮೊಳೆ. ಇದು ಹೆಚ್ಚು ಖಚಿತ. ತಗಚೆಯ ಎಲೆದಂಟಿನಲ್ಲಿ ಕೆಳಗಿನ ಕಿರು ಎಲೆಗಳ ಜೋಡಿಯ ನಡುವೆ ನಿಂತಿರುವ ಚಿಕ್ಕ ಮೊಳೆಯಂಥ ಗ್ರಂಥಿ ಕಾಣುತ್ತದೆ. ದೊಡ್ಡ ತಗಚೆಯಲ್ಲಿ ಕಿರು ಎಲೆಗಳ ನಡುವೆ ಏನೂ ಇರುವುದಿಲ್ಲ. ಬದಲಿಗೆ ಎಲೆದಂಟು ಕಾಂಡಕ್ಕೆ ಸೇರುವ ಜಾಗದ ಹತ್ತಿರ ಒಂದೇ ಒಂದು ಗುಂಡನೆಯ ಗುಳ್ಳೆ ಇರುತ್ತದೆ. ಚಿಕ್ಕ ಅಕ್ಷರ ಓದಲಾಗದ ಹಿರಿಯರು ಮೊಮ್ಮಕ್ಕಳಿಗೆ ತೋರಿಸಿ ಹೇಳಿಸಿಕೊಳ್ಳಿ. ಮಕ್ಕಳಿಗೂ ಪಾಠವಾಗುತ್ತದೆ.

ನಾಲ್ಕನೆಯ ಗುರುತು – ಕಾಯಿ ಮತ್ತು ಬೀಜ. ತಗಚೆಯ ಕಾಯಿ ತೆಳ್ಳಗೆ, ಉದ್ದ, ಕುಡುಗೋಲಿನಂತೆ ಬಾಗಿರುತ್ತದೆ. ಒಳಗಿನ ಬೀಜ ಕಂದು ಬಣ್ಣ, ಹೊಳಪು, ಎರಡೂ ತುದಿ ಓರೆಯಾಗಿ ಕತ್ತರಿಸಿದಂತೆ ಇರುತ್ತದೆ. ನೋಡಲು ಮೆಂತ್ಯಕಾಳಿನ ಹಾಗೆ. ದೊಡ್ಡ ತಗಚೆಯ ಕಾಯಿ ಅದಕ್ಕಿಂತ ಗಿಡ್ಡ, ಆದರೆ ಸುಮಾರು ಎರಡು ಪಟ್ಟು ಅಗಲ, ಚಪ್ಪಟೆ. ತುದಿ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಬಲಿತಾಗ ನಡುವೆ ಕಂದು, ಅಂಚುಗಳಲ್ಲಿ ತಿಳಿಬಣ್ಣದ ಗೆರೆ ಕಾಣುತ್ತದೆ. ಬೀಜ ದುಂಡು, ಚಪ್ಪಟೆ, ಮಂಕುಬಣ್ಣ. ಕಾಯಿಯೊಳಗೆ ಅಡ್ಡಲಾಗಿ ಸಾಲಾಗಿ ಕೂತಿರುತ್ತವೆ. ಮಕ್ಕಳ ಕಣ್ಣಿಗೆ ಬಟಾಣಿ, ಅವರೆಯ ಕಾಯಿಯಂತೆ ಕಾಣುವುದರಿಂದ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ವಾಸನೆಯಿಂದ ಗೊತ್ತಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಎಲೆ ಉಜ್ಜಿದರೆ ಎರಡೂ ನಾರುತ್ತವೆ, ದೊಡ್ಡ ತಗಚೆ ಇನ್ನೂ ಹೆಚ್ಚು. ಆದರೆ ಎರಡನ್ನೂ ಒಂದೇ ಬುಟ್ಟಿಯಲ್ಲಿ ಹಾಕಿದ ಮೇಲೆ ಮೂಗಿಗೆ ವ್ಯತ್ಯಾಸ ತಿಳಿಯದು. ದನ, ಆಡು ತಿನ್ನದಿದ್ದರೆ ವಿಷ ಎಂಬ ಪರೀಕ್ಷೆಯೂ ಇಲ್ಲಿ ನಡೆಯದು. ತಗಚೆಯನ್ನೂ ಅವು ಇಷ್ಟಪಟ್ಟು ಮೇಯುವುದಿಲ್ಲ.

ಇನ್ನೆರಡು ನೆಂಟರು

ನಮ್ಮ ರಸ್ತೆಬದಿಗಳಲ್ಲಿ ಕಾಣುವ ಇನ್ನೊಂದು ಹಳದಿ ಹೂವಿನ ಗಿಡ ಸೆನ್ನಾ ಯುನಿಫ್ಲೋರಾ. ಕಾಂಗ್ರೆಸ್ ಕಸ ಎಂದು ಕರೆಯುವ ಪಾರ್ಥೇನಿಯಂ ಗಿಡವನ್ನು ಹಿಂದಕ್ಕೆ ತಳ್ಳಲೆಂದು ಕರ್ನಾಟಕದಲ್ಲಿ ಇದರ ಬೀಜ ಎರಚಿದ್ದುಂಟು. ಇದರ ಎಲೆ ತಗಚೆಯಂತೆಯೇ ತುದಿಯಲ್ಲಿ ಅಗಲವಾಗಿರುವುದರಿಂದ ಮೋಸಹೋಗುವುದು ಸುಲಭ. ಮುಟ್ಟಿ ನೋಡಿ: ಎಲೆ ಮತ್ತು ಕಾಯಿಯ ಮೇಲೆ ಮೃದುವಾದ ರೋಮ ಇರುತ್ತದೆ. ಕಾಯಿ ಗಿಡ್ಡ, ಒಂದು ಬೆರಳಿನ ಉದ್ದವೂ ಇಲ್ಲ, ಗುಂಪಾಗಿ ನೆಟ್ಟಗೆ ನಿಂತಿರುತ್ತದೆ. ಇದನ್ನು ಅಡುಗೆಗೆ ಬಳಸಬೇಡಿ.

ಮತ್ತೊಂದು ಆವರಿಕೆ. ತಂಗಡಿ, ಹೊನ್ನಾವರಿಕೆ ಎಂದೂ ಹೆಸರಿದೆ. ಇದು ಒಂದೇ ವರ್ಷಕ್ಕೆ ಸಾಯುವ ಗಿಡವಲ್ಲ, ಗಟ್ಟಿ ಕಾಂಡದ ಪೊದೆ. ಎಂಟು ಹತ್ತು ಜೋಡಿ ಕಿರು ಎಲೆಗಳಿದ್ದು, ಎಲೆದಂಟಿನ ಬುಡದಲ್ಲಿ ಕಿವಿಯಾಕಾರದ ಎಲೆಯಂಥ ಭಾಗ ಇರುತ್ತದೆ. ಸಕ್ಕರೆ ಕಾಯಿಲೆಗೆ ಇದರ ಹೂವಿನ ಕಷಾಯ ಕುಡಿಯುವವರು ನಮ್ಮ ಹೊರರೋಗಿ ವಿಭಾಗಕ್ಕೆ ಬರುತ್ತಾರೆ. ಒಣಗಿದ ಹಳದಿ ಹೂವನ್ನು ಪೊಟ್ಟಣದಲ್ಲಿ ಕೊಂಡರೆ ಅದು ಯಾವ ಗಿಡದ್ದೆಂದು ಹೇಳುವುದು ಕಷ್ಟ. ನೀವು ಇಂಥ ಕಷಾಯ ಕುಡಿಯುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಮಾತ್ರೆಯ ಜೊತೆ ಕಷಾಯವೂ ಸೇರಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ನಾವು ಯಾರೂ ನಿಮ್ಮನ್ನು ಗದರಿಸುವುದಿಲ್ಲ.

ಸೊಪ್ಪು ಕೀಳುವಾಗ

• ಹಗಲು ಬೆಳಕಿನಲ್ಲಿ ಕೀಳಿ. ಸಂಜೆಯಾದಂತೆ ತಗಚೆಯ ಕಿರು ಎಲೆಗಳು ಮಡಚಿಕೊಳ್ಳುತ್ತವೆ. ಆಗ ಗುರುತು ಹಿಡಿಯುವುದು ಕಷ್ಟ.
• ಗಿಡ ಗಿಡವನ್ನೂ ನೋಡಿ ಕೀಳಿ. ಕುಡುಗೋಲಿನಿಂದ ಒಟ್ಟಾಗಿ ಕೊಯ್ಯಬೇಡಿ. ಎರಡೂ ಜಾತಿ ಪಕ್ಕಪಕ್ಕದಲ್ಲೇ ಬೆಳೆಯುತ್ತವೆ.
• ಎಳೆಯ ಚಿಗುರು ಮಾತ್ರ ಸಾಕು. ಹೂ ಬಿಟ್ಟ, ಕಾಯಿ ಕಟ್ಟಿದ ಗಿಡದ ಸೊಪ್ಪು ಬೇಡ.
• ಹಸಿಯಾಗಿ ತಿನ್ನಬೇಡಿ. ಚೆನ್ನಾಗಿ ಬೇಯಿಸಿ, ನೀರು ಬಸಿದು ಪಲ್ಯ ಮಾಡಿ. ಹೆಚ್ಚು ತಿಂದರೆ ಭೇದಿಯಾಗುತ್ತದೆ.
• ಗರ್ಭಿಣಿಯರು ಮತ್ತು ಬಾಣಂತಿಯರು ವೈದ್ಯರನ್ನು ಕೇಳಿ ತಿನ್ನಲಿ. ಅವರಿಗೆ ನುಗ್ಗೆಸೊಪ್ಪು, ಮೆಂತ್ಯಸೊಪ್ಪು, ರಾಜಗಿರಿ ಸೊಪ್ಪು ಒಳ್ಳೆಯದು. ನುಗ್ಗೆಗೆ ದುಡ್ಡೂ ಬೇಕಿಲ್ಲ, ಹಿತ್ತಿಲಲ್ಲಿ ಒಂದು ಕೊಂಬೆ ನೆಟ್ಟರೆ ಆಯಿತು.
• ಯಾವ ತಗಚೆಯ ಬೀಜವನ್ನೂ ಮಕ್ಕಳಿಗೆ ಕೊಡಬೇಡಿ. ಬೀಜ ಹುರಿದು ಕಾಫಿಪುಡಿಯಂತೆ ಬಳಸುವ ಪದ್ಧತಿ ಕೆಲವು ಕಡೆ ಇದೆ. ಹುರಿದಾಗ ವಿಷ ಕಡಿಮೆಯಾದರೂ, ಮನೆಯ ಬಾಣಲೆಯಲ್ಲಿ ಎಷ್ಟು ಕಡಿಮೆಯಾಯಿತೆಂದು ಅಳೆಯಲು ನಮ್ಮ ಬಳಿ ಸಾಧನವಿಲ್ಲ.
• ಮನೆ, ಶಾಲೆ, ಅಂಗನವಾಡಿಯ ಸುತ್ತ ಬೆಳೆದ ದೊಡ್ಡ ತಗಚೆಯನ್ನು ಕಾಯಿ ಕಟ್ಟುವ ಮೊದಲೇ ಬೇರುಸಹಿತ ಕಿತ್ತುಹಾಕಿ. ಒಂದು ವರ್ಷ ಬೀಜ ಬೀಳದಂತೆ ನೋಡಿದರೆ ಮುಂದಿನ ಮಳೆಗೆ ಗಿಡಗಳು ಕಡಿಮೆಯಾಗುತ್ತವೆ. ಬೆಳಿಗ್ಗೆ ಅರ್ಧ ಗಂಟೆಯ ಕಾಯಕ, ಓಣಿಯ ಎಲ್ಲ ಮಕ್ಕಳಿಗೂ ರಕ್ಷಣೆ.

ಮಗು ಬೀಜ ತಿಂದಿದ್ದರೆ

ತಿಂದ ಕೂಡಲೇ ಮಗು ಚೆನ್ನಾಗಿಯೇ ಆಡುತ್ತಿರಬಹುದು. "ಏನೂ ಆಗಿಲ್ಲವಲ್ಲ, ನೋಡೋಣ" ಎಂದು ಕಾಯಬೇಡಿ.

1. ಬಾಯಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆದು, ಬಾಯಿ ತೊಳೆಸಿ.
2. ವಾಂತಿ ಮಾಡಿಸಬೇಡಿ. ಉಪ್ಪು ನೀರು, ಹುಣಸೆನೀರು, ಎಣ್ಣೆ ಕುಡಿಸಬೇಡಿ. ಮಂಪರಿನಲ್ಲಿರುವ ಮಗುವಿಗೆ ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ.
3. ಮಗು ಮಂಕಾಗಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ.
4. ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆತನ್ನಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.
5. ಕಾಯಿ, ಎಲೆ ಇರುವ ಒಂದು ಕೊಂಬೆಯನ್ನು ಮುರಿದು ಚೀಲದಲ್ಲಿ ಹಾಕಿಕೊಂಡು ತನ್ನಿ. ಯಾವಾಗ ತಿಂದಿತು, ಸುಮಾರು ಎಷ್ಟು ತಿಂದಿತು, ಜೊತೆಯಲ್ಲಿ ಇನ್ಯಾವ ಮಕ್ಕಳಿದ್ದರು ಎಂದು ಹೇಳಿ. ಆ ಮಕ್ಕಳ ಮನೆಗೂ ಸುದ್ದಿ ಮುಟ್ಟಿಸಿ.

ಹೊಟ್ಟೆನೋವು, ಪದೇ ಪದೇ ವಾಂತಿ, ವಿಚಿತ್ರವಾಗಿ ವರ್ತಿಸುವುದು, ಕೈಕಾಲು ಸೆಟೆಯುವುದು, ಕರೆದರೆ ಓಗೊಡದಿರುವುದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು – ಇವು ಅಪಾಯದ ಲಕ್ಷಣಗಳು. ಜ್ವರ ಇಲ್ಲದೆಯೂ ಇವು ಬರಬಹುದು. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ನಿವಾಳಿಸುತ್ತಾ ಕೂತರೆ ಕಳೆದ ಗಂಟೆಗಳು ಮರಳಿ ಬರುವುದಿಲ್ಲ.

ಇಲ್ಲಿ ಇನ್ನೊಂದು ವಿನಂತಿ. "ಮಗು ಹೊರಗೆ ಏನಾದರೂ ತಿಂದಿತ್ತೇ?" ಎಂದು ನಾವು ಕೇಳಿದಾಗ, ತಮ್ಮ ನಿಗಾ ಸಾಲದಾಯಿತು ಎಂದು ನಾವು ತಿಳಿದೇವು ಎಂಬ ಸಂಕೋಚದಿಂದ ಕೆಲವು ತಾಯಂದಿರು ಇಲ್ಲ ಎಂದುಬಿಡುತ್ತಾರೆ. ಹೊಲದ ಕೆಲಸಕ್ಕೆ ಹೋದ ತಾಯಿ ಇಡೀ ದಿನ ಮಗುವಿನ ಹಿಂದೆ ಇರಲಾರಳು ಎಂಬುದು ನಮಗೆ ಗೊತ್ತಿದೆ. ತಪ್ಪು ಹುಡುಕಲು ನಾವು ಕೇಳುವುದಲ್ಲ. ಉತ್ತರ ಪ್ರದೇಶದಲ್ಲಿ ವರ್ಷಗಟ್ಟಲೆ ಕಾಯಿಲೆಯ ಮೂಲ ತಿಳಿಯದೆ ಹೋದದ್ದು ಈ ಒಂದು ಪ್ರಶ್ನೆಗೆ ಉತ್ತರ ಸಿಗದೇ ಇದ್ದುದರಿಂದ. ನಿಮ್ಮ ಒಂದು ಮಾತು ವೈದ್ಯರಿಗೆ ಹತ್ತು ಪರೀಕ್ಷೆಗಿಂತ ಹೆಚ್ಚು.

ಕೊನೆಯ ಮಾತು

ಈ ಲೇಖನ ಓದಿ ಹೊಲದ ಸೊಪ್ಪನ್ನೆಲ್ಲ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಬಡವರ ತಟ್ಟೆಗೆ ಮಳೆಗಾಲ ಕೊಟ್ಟ ದಾಸೋಹ ಅದು. ಗುರುತು ಹಿಡಿದು ತಿನ್ನಿ, ಅಷ್ಟೇ. ಎಲೆಯ ತುದಿ ದುಂಡಗಿದೆಯೇ? ಜೋಡಿ ಮೂರಿವೆಯೇ? ಕಿರು ಎಲೆಗಳ ನಡುವೆ ಮೊಳೆ ಇದೆಯೇ? ಮೂರಕ್ಕೂ ಹೌದು ಎಂದಾದ ಮೇಲೆ, ಗಿಡ ಬಲ್ಲ ಹಿರಿಯರೊಬ್ಬರೂ ಹೌದು ಎಂದರೆ ಬುಟ್ಟಿಗೆ ಹಾಕಿ. ಒಂದಕ್ಕೆ ಅನುಮಾನ ಬಂದರೂ ಬಿಟ್ಟುಬಿಡಿ. ಒಂದು ದಿನದ ಪಲ್ಯ ತಪ್ಪಿದರೆ ನಷ್ಟವಿಲ್ಲ.

ಆ ಅಜ್ಜಿ ಮನೆಗೆ ಹೋಗುವ ದಿನ ಎರಡೂ ಗಿಡದ ಒಂದೊಂದು ಎಲೆದಂಟನ್ನು ಹಳೆಯ ಪಂಚಾಂಗದ ಹಾಳೆಗಳ ನಡುವೆ ಇಟ್ಟುಕೊಂಡು ಹೋದರು. ಊರಿನ ಹೆಣ್ಣುಮಕ್ಕಳಿಗೆ ತೋರಿಸುತ್ತಾರಂತೆ. ನೀವೂ ಹಾಗೆ ಮಾಡಬಹುದು. ನಿಮ್ಮ ಕಡೆಯ ರೋಗಿ ಇಲ್ಲಿ ದಾಖಲಾಗಿರುವಷ್ಟು ದಿನ, ನಿಮಗೆ ಅನುಮಾನವಿರುವ ಸೊಪ್ಪಿನ ಒಂದು ಕೊಂಬೆ ತಂದು ವಾರ್ಡಿನ ದಾದಿಯರಿಗೆ ತೋರಿಸಿ. ಗೊತ್ತಿದ್ದರೆ ಹೇಳುತ್ತೇವೆ, ಗೊತ್ತಿಲ್ಲದಿದ್ದರೆ ತಿನ್ನಬೇಡಿ ಎನ್ನುತ್ತೇವೆ. ಈ ಪತ್ರಿಕೆಯನ್ನು ಓದಿದ ಮೇಲೆ ಎಸೆಯದೆ ಪಕ್ಕದ ಹಾಸಿಗೆಯವರಿಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ.

ಎಲ್ಲರಿಗೂ ಆರೋಗ್ಯ ಲಭಿಸಲಿ. ಶರಣು.